ಮೂರು ಕಿಲೋ ಹಿಟ್ಟು

ಪುಂತಾ ಅರೆನಾಸ್‌ನಲ್ಲಿ ಗಾಳಿಗೆ ರಜೆಯಿಲ್ಲ.
ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೇ ತೆರೆಯಬೇಕು,
ಇಲ್ಲವಾದರೆ ಕೀಲು ಸಮೇತ ಜಲಸಂಧಿಗೆ ದಾನ.
ಇಂಥ ಊರಲ್ಲಿ, ಏಳು ತಿಂಗಳ ಹೊಟ್ಟೆ ಹೊತ್ತು,
ಅಂಗಡಿಯ ಪುಟಾಣಿ ಕುರ್ಚಿಗಳ ನಡುವೆ ನಿಂತಿದ್ದೆ
ಬೆಲೆಚೀಟಿಗಳನ್ನು ತಿರುವಿ ತಿರುವಿ ನೋಡುತ್ತ.

ಒಂದಕ್ಕೆ ಕರಡಿಯ ಕಿವಿ, ಒಂದಕ್ಕೆ ಕೊಡೆ,
ಒಂದಕ್ಕೆ ಲಿಸಾಂದ್ರೊನ ಒಂದೂವರೆ ತಿಂಗಳ ಸಂಬಳ.
ಯಾವುದು ಒಳ್ಳೆಯದು, ಎಂದೆ.
"ಈ ಬೂದು ಬಣ್ಣದ್ದು ತುಂಬ ಹೋಗುತ್ತೆ," ಅಂದಳು ಮಾರುವ ಹುಡುಗಿ.

ಅತ್ತೆ ಎಡುವಿನಾ ಫೋನಿನಲ್ಲೇ ನಕ್ಕಳು.
ಐವರನ್ನು ತಂದೆ, ನತಾಲೆಸ್‌ನಿಂದ ಇಲ್ಲಿಯವರೆಗೆ,
ಕುರಿ ಸಾಗಿಸುವ ಲಾರಿಯ ಮುಂದಿನ ಸೀಟಲ್ಲಿ ಕೂತು.
ತಾಯ ಮಡಿಲಿಗಿಂತ ಭದ್ರ ಜಾಗ ಯಾವುದಿದೆಯೇ?

ನನಗೆ ಉತ್ತರ ಹೊಳೆಯಲಿಲ್ಲ.
ಲಿಸಾಂದ್ರೊನಿಗೆ ಹೊಳೆಯಿತು, ಹೇಳಲಿಲ್ಲ.
ಗುಜರಿಯಲ್ಲಿ ಅವನ ಕೆಲಸ: ನಜ್ಜುಗುಜ್ಜಾಗಿ ಬಂದ ಕಾರುಗಳ
ದೀಪ, ಬಾಗಿಲು, ಎಂಜಿನ್ನು ಕಳಚಿ ಬೇರೆ ಇಡುವುದು.
ಹಿಂದಿನ ಸೀಟಿನ ಸಂದಿಯಲ್ಲಿ ಸಿಗುವ
ಬಾಚಣಿಗೆ, ಬಣ್ಣದ ಪೆನ್ಸಿಲ್ಲು, ಒಂಟಿ ಕಾಲುಚೀಲ
ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಾನೆ.
ಯಾರೂ ಕೇಳಿಕೊಂಡು ಬಂದದ್ದಿಲ್ಲ.
ಮಡಿಲು ಎಷ್ಟು ಹೊತ್ತು ಹಿಡಿದೀತೆಂದು ಅವನಿಗೆ ಗೊತ್ತು.

ಭಾನುವಾರ ಅವನ ಅಣ್ಣ ಎವರಿಸ್ಟೊ ಬಂದ
ತನ್ನ ಮಕ್ಕಳ ಹಳೆಯ ಕುರ್ಚಿ ಹೊತ್ತು.
ಒಗೆದಿದ್ದ, ಬಟ್ಟೆಗಿನ್ನೂ ಸೋಪಿನ ವಾಸನೆ.
"ಒಮ್ಮೆ ಕಂಬಕ್ಕೆ ತಾಗಿತ್ತು. ಬಂಪರ್ ಅಷ್ಟೆ.
ಕೂಸಿಗೆ ಎಚ್ಚರವೂ ಆಗಲಿಲ್ಲ."
ಉಳಿದ ದುಡ್ಡನ್ನು ಲೆಕ್ಕ ಹಾಕುತ್ತಲೇ ನಾನು ಚಹಾಕ್ಕೆ ನೀರಿಟ್ಟೆ.

ಲಿಸಾಂದ್ರೊ ಅದನ್ನು ಬೋರಲು ಹಾಕಿದ.
ತಳದಲ್ಲಿ ಮೊಸರಿನ ಡಬ್ಬಿಯ ಮೇಲಿರುವಂಥ ತಾರೀಕು,
ಅದು ದಾಟಿ ಎರಡು ಚಳಿಗಾಲ.
ಅಣ್ಣ ಹೋಗುವವರೆಗೆ ಕಾದ. ಆಮೇಲೆ
ಪ್ಲಾಸ್ಟಿಕ್ಕಿನ ಮೇಲೆ ಉಗುರೆಳೆಯುತ್ತ ಅಂದ:
"ಪೆಟ್ಟು ತಿಂದರೆ ತಗಡು ತಾನೇ ಹೇಳುತ್ತೆ. ಇದು ಹೇಳೋದಿಲ್ಲ."
ಚಾಕು ತಂದು ಪಟ್ಟಿಗಳನ್ನು ಒಂದೊಂದಾಗಿ ಕುಯ್ದ,
ಕಸದ ಬಳಿಯಿಂದ ಇನ್ಯಾರೂ ಎತ್ತಿಕೊಂಡು ಹೋಗದಿರಲೆಂದು.
ಎವರಿಸ್ಟೊನಿಗೆ ಇಂದಿಗೂ ಗೊತ್ತಿಲ್ಲ.
ಈ ಸಾಲು ಅವನ ಕಣ್ಣಿಗೆ ಬೀಳದಿರಲಿ.

ಕೊನೆಗೆ ಕೊಂಡದ್ದಕ್ಕೆ ಕಿವಿಯೂ ಇಲ್ಲ, ಕೊಡೆಯೂ ಇಲ್ಲ.
ನಮ್ಮ ಮುದಿ ಕಾರಿನ ಓರೆ ಸೀಟಿನ ಮೇಲೆ
ಅಲುಗದೆ ಕೂತದ್ದು ಅದೊಂದೇ.
ಮೂರು ಕಿಲೋ ಹಿಟ್ಟಿನ ಚೀಲಕ್ಕೆ ಟೊಪ್ಪಿ ತೊಡಿಸಿ
ವಾರವಿಡೀ ಅಭ್ಯಾಸ ಮಾಡಿದೆವು:
ಪಟ್ಟಿ ಬಿಗಿದು, ಹೆಗಲ ಬಳಿ ಎರಡು ಬೆರಳಲ್ಲಿ ಚಿವುಟಿ,
ಚಿವುಟಲು ಸಿಕ್ಕರೆ ಸಡಿಲ, ಮತ್ತೆ ಎಳೆದು.
ಮಗುವನ್ನು ಚಿವುಟಿ ತೊಟ್ಟಿಲು ತೂಗುವವರ ಸುದ್ದಿ ಕೇಳಿದ್ದೆ,
ತೊಟ್ಟಿಲನ್ನೇ ಚಿವುಟುವುದು ಕಲಿತದ್ದು ಈಗ.
ಏಳನೆಯ ದಿನ ಹಿಟ್ಟು ರೊಟ್ಟಿಯಾಯಿತು.
ತಿನ್ನುವಾಗ ಯಾಕೋ ಇಬ್ಬರೂ ಮಾತಾಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಎಡುವಿನಾ,
ತಾನೇ ಹೆಣೆದ ದಪ್ಪ ಉಣ್ಣೆಯ ಅಂಗಿ ಹಿಡಿದು.
ಗಾಳಿ ಅದರ ತೋಳಿಗೆ ಹೊಕ್ಕು ಕೈ ಬೀಸುತ್ತಿತ್ತು.
"ತೆಳು ಬಟ್ಟೆಯ ಮೇಲೆ ಪಟ್ಟಿ, ಅಮ್ಮ.
ಪಟ್ಟಿಯ ಮೇಲೆ ಉಣ್ಣೆ," ಅಂದ ಲಿಸಾಂದ್ರೊ.
ಅವಳು ಮುಖ ಊದಿಸಿದಳು.
ಆದರೂ ಬಗ್ಗಿ, ಕೈಗವಸು ಹಲ್ಲಲ್ಲಿ ಕಚ್ಚಿ ಕಳಚಿ,
ಹೆಗಲ ಬಳಿ ಎರಡು ಬೆರಳಿಟ್ಟಳು.
ಸಿಗಲಿಲ್ಲ.
"ಹ್ಞೂಂ," ಅಂದಳು,
ಅಂಗಿಯನ್ನು ಮಗುಚಿ ಕಂಬಳಿಯ ಹಾಗೆ ಹೊದಿಸಿದಳು.

ನಾನು ಹಿಂದೆ ಕೂತೆ, ಮಗಳ ಪಕ್ಕ.
ಅವಳ ಮುಖ ಕಾರಿನ ಹಿಂಬದಿಗೆ, ಕಣ್ಣು ನಿದ್ದೆಗೆ.
ನನ್ನ ಮಡಿಲಲ್ಲಿ ಅಂಚಿಗೆ ಹಿಟ್ಟು ಮೆತ್ತಿದ ಟೊಪ್ಪಿ,
ಏನು ಮಾಡಬೇಕೆಂದು ತಿಳಿಯದ ಎರಡು ಕೈ.
ಮನೆಗೆ ಐದೇ ಕಿಲೋಮೀಟರು.
ಲಿಸಾಂದ್ರೊ ಇಪ್ಪತ್ತೈದು ದಾಟಲಿಲ್ಲ,
ಬೆನ್ನಿಗಿದ್ದ ಬಸ್ಸು ಒಂದೇ ಸಮನೆ ಹಾರ್ನ್ ಬಾರಿಸುತ್ತಿತ್ತು.